ಒಂದು ಪುಸ್ತಕಕ್ಕೆ ಎಷ್ಟು ವಿಳಾಸ?

ವಿದ್ಯಾರಣ್ಯಪುರದಲ್ಲಿ ಯಾರದಾದರೂ ಮನೆ ಹುಡುಕಿಕೊಂಡು ಹೋದವರಿಗೆ ಗೊತ್ತು, ಬರೀ ಮನೆ ನಂಬರು ಇಟ್ಟುಕೊಂಡರೆ ಏನೂ ಸಾಗದು. ಬಿ.ಇ.ಎಲ್. ಲೇಔಟೋ, ಎಚ್.ಎಂ.ಟಿ. ಲೇಔಟೋ, ಎನ್.ಟಿ.ಐ. ಲೇಔಟೋ ಎಂಬುದನ್ನು ಮೊದಲು ಹೇಳಬೇಕು. ಆಮೇಲೆ ಬ್ಲಾಕು, ಮೇನು, ಕ್ರಾಸು. ಇಷ್ಟೆಲ್ಲ ಹೇಳಿದ ಮೇಲೂ ಆಟೋದವರು ‘ದುರ್ಗಾ ಪರಮೇಶ್ವರಿ ದೇವಸ್ಥಾನದಿಂದ ಈಚೆಗೋ ಆಚೆಗೋ?’ ಎಂದು ಕೇಳುತ್ತಾರೆ. ಅಂಚೆ ಇಲಾಖೆಗೆ ಮುಖ್ಯವಾದದ್ದು 560097 ಎಂಬ ಆರು ಅಂಕಿ. ಮನೆ ಒಂದೇ, ಆದರೆ ಕೇಳುವವರು ಬೇರೆಯಾದಂತೆ ಅದನ್ನು ತಲುಪುವ ದಾರಿಯೂ ಬೇರೆ. ಇವುಗಳಲ್ಲಿ ಯಾವುದೂ ತಪ್ಪಲ್ಲ.

ಮನೆಗಿರುವ ಈ ತೊಡಕು ಮಾಹಿತಿಗೂ ಇದೆ. ಬ್ಯಾಂಕಿನ ಆ್ಯಪ್ ತೆರೆದಾಗ ಬೇಕಾದ ಗುಂಡಿ ಎಲ್ಲಿದೆಯೆಂದು ತಡಕಾಡುತ್ತೇವಲ್ಲ, ಅದನ್ನು ಎಲ್ಲಿಡಬೇಕು, ಏನೆಂದು ಕರೆಯಬೇಕು, ಅದರ ಪಕ್ಕದಲ್ಲಿ ಏನಿರಬೇಕು ಎಂದು ಯೋಚಿಸುವುದೇ ಈಗ ಒಂದು ವೃತ್ತಿ. ಇದಕ್ಕೆ ‘ಮಾಹಿತಿ ವಾಸ್ತುಶಿಲ್ಪ’ ಎಂಬ ಹೆಸರನ್ನು 1976ರ ಸುಮಾರಿಗೆ ಚಾಲ್ತಿಗೆ ತಂದವರು ರಿಚರ್ಡ್ ಸಾಲ್ ವರ್ಮನ್ ಎಂಬ ಅಮೆರಿಕದ ವಾಸ್ತುಶಿಲ್ಪಿ. (ವಾಸ್ತು ಎಂದೊಡನೆ ಈಶಾನ್ಯ ಮೂಲೆಯಲ್ಲಿ ನೀರಿನ ತೊಟ್ಟಿ ಇದೆಯೇ ಎಂದು ನೋಡುವವರು ನಮ್ಮಲ್ಲಿ ಬಹಳ. ಇದು ಆ ವಾಸ್ತುವಲ್ಲ.) 1998ರಲ್ಲಿ ಲೂಯಿಸ್ ರೋಸೆನ್‌ಫೆಲ್ಡ್ ಮತ್ತು ಪೀಟರ್ ಮಾರ್ವಿಲ್ ಅಂತರಜಾಲಕ್ಕೆ ಈ ವಿದ್ಯೆಯನ್ನು ಅಳವಡಿಸುವ ಬಗೆಯನ್ನು ಪುಸ್ತಕವಾಗಿ ಬರೆದರು. ಅವರಿಬ್ಬರೂ ಕಲಿತದ್ದು ಕಂಪ್ಯೂಟರ್ ವಿಜ್ಞಾನವನ್ನಲ್ಲ, ಗ್ರಂಥಾಲಯ ವಿಜ್ಞಾನವನ್ನು. ಆ ವಿಜ್ಞಾನದ ಬೇರು ಹಿಡಿದು ಹೋದರೆ ಸಿಗುವ ಬಹು ದೊಡ್ಡ ಹೆಸರೊಂದು ಬೆಂಗಳೂರಿನದೇ.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶೀರ್ಕಾಳಿಯಲ್ಲಿ. ಓದಿದ್ದು ಗಣಿತ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದ್ದೂ ಉಂಟು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕಗೊಂಡು, ಆ ಕೆಲಸ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿ ಅವರನ್ನು ಕಾಡಿದ್ದು ಒಂದೇ ಪ್ರಶ್ನೆ: ಒಂದು ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕು?

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಇಡೀ ಜ್ಞಾನವನ್ನು ಹತ್ತು ಭಾಗ ಮಾಡಿ, ಪ್ರತಿಯೊಂದನ್ನೂ ಮತ್ತೆ ಹತ್ತು ಹತ್ತಾಗಿ ಸೀಳಿ, ವಿಷಯಗಳಿಗೆ ಮೊದಲೇ ಅಂಕಿ ನಿಗದಿ ಮಾಡಿದ್ದ. ಅಚ್ಚುಕಟ್ಟಾದ ವ್ಯವಸ್ಥೆಯೇ. ಆದರೆ ‘20ನೇ ಶತಮಾನದಲ್ಲಿ ಚನ್ನಪಟ್ಟಣದಲ್ಲಿ ಹಾಲೆಮರದ ಗೊಂಬೆಗಳ ತಯಾರಿಕೆ’ ಎಂಬ ಪುಸ್ತಕವೊಂದು ಬಂದಿತೆನ್ನಿ. ಅದು ಕರಕುಶಲ ಕಲೆಯೋ, ಊರಿನ ಇತಿಹಾಸವೋ, ಅರಣ್ಯ ಉತ್ಪನ್ನವೋ, ಮಕ್ಕಳ ಆಟಿಕೆಯೋ? ಯಾವುದಾದರೊಂದು ಗೂಡಿಗೆ ತಳ್ಳಿದರೆ ಮಿಕ್ಕ ದಾರಿಗಳಿಂದ ಬಂದವರ ಪಾಲಿಗೆ ಆ ಪುಸ್ತಕ ಇಲ್ಲವೇ ಇಲ್ಲ.

ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೊ ಆಟಿಕೆಯನ್ನು ಕಂಡಾಗ ಉತ್ತರ ಹೊಳೆಯಿತೆಂದು ರಂಗನಾಥನ್ ಹೇಳಿಕೊಂಡಿದ್ದಾರೆ. ತೂತುಗಳಿರುವ ಲೋಹದ ಪಟ್ಟಿ, ಚಕ್ರ, ಸರಳು, ತಿರುಪು. ಅವೇ ತುಂಡುಗಳಿಂದ ಇವತ್ತು ಕ್ರೇನು, ನಾಳೆ ಸೇತುವೆ. ಹಾಗಾದರೆ ಸಿದ್ಧ ಗೂಡುಗಳ ಪಟ್ಟಿ ಏಕೆ? ತುಂಡುಗಳನ್ನು ಕೊಟ್ಟರೆ ವಿಷಯಕ್ಕೆ ತಕ್ಕ ವಿಳಾಸವನ್ನು ಆಗಲೇ ಜೋಡಿಸಿಕೊಳ್ಳಬಹುದಲ್ಲ! 1933ರಲ್ಲಿ ಅವರು ಪ್ರಕಟಿಸಿದ ‘ಕೋಲನ್ ವರ್ಗೀಕರಣ’ಕ್ಕೆ ಆ ಹೆಸರು ಬಂದದ್ದು ತುಂಡುಗಳನ್ನು ಬೆಸೆಯಲು ಬಳಸಿದ ಎರಡು ಚುಕ್ಕಿಯ ಚಿಹ್ನೆಯಿಂದ.

ಯಾವ ವಿಷಯಕ್ಕೂ ಐದು ಮುಖಗಳಿರಬಹುದು ಎಂಬುದು ಮುಂದೆ ಅವರ ಸಿದ್ಧಾಂತವಾಯಿತು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ನಮ್ಮ ಪುಸ್ತಕದಲ್ಲಿ ಗೊಂಬೆಯೇ ವ್ಯಕ್ತಿತ್ವ, ಹಾಲೆಮರ ದ್ರವ್ಯ, ತಯಾರಿಕೆ ಎಂಬ ಕ್ರಿಯೆ ಶಕ್ತಿ, ಚನ್ನಪಟ್ಟಣ ದೇಶ, 20ನೇ ಶತಮಾನ ಕಾಲ. ಪೂಜೆಗೆ ಕೂತವರು ಸಂಕಲ್ಪದಲ್ಲಿ ದ್ವೀಪ, ಖಂಡ, ಸಂವತ್ಸರ, ಮಾಸ, ತಿಥಿ, ಗೋತ್ರ ಎಂದು ಹೇಳುತ್ತ ಹೋಗುವುದು ನನಗೆ ಇಲ್ಲಿ ನೆನಪಾಗುತ್ತದೆ. ಅದೂ ದೇಶ, ಕಾಲ, ವ್ಯಕ್ತಿಗಳನ್ನು ಜೋಡಿಸಿ ಕಟ್ಟಿದ ವಿಳಾಸವೇ.

ಬದುಕಿನ ಕೊನೆಯ ಹದಿನೈದು ವರ್ಷವನ್ನು ರಂಗನಾಥನ್ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅವರು ಇಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗಲೂ ಮೈಸೂರು ರಸ್ತೆಯಲ್ಲಿದೆ. 1972ರ ಸೆಪ್ಟೆಂಬರ್ 27ರಂದು ಅವರು ಈ ಊರಿನಲ್ಲೇ ತೀರಿಕೊಂಡರು. ವಿಚಿತ್ರವೆಂದರೆ, ಅವರ ಕೋಲನ್ ಅಂಕಿಗಳನ್ನು ಬಳಸುವ ಗ್ರಂಥಾಲಯಗಳು ನಮ್ಮಲ್ಲೇ ವಿರಳ. ಅವರ ಮುಖಗಳ ಸಿದ್ಧಾಂತ ಮಾತ್ರ ಎಲ್ಲರ ಕಿಸೆಯಲ್ಲಿದೆ. ಫೋನಿನಲ್ಲಿ ಸೀರೆ ಕೊಳ್ಳಲು ಹೊರಟರೆ ಬಗೆ, ನೂಲು, ಬಣ್ಣ, ಊರು, ಬೆಲೆ ಎಂದು ಪಕ್ಕದಲ್ಲಿ ಪಟ್ಟಿ ಬರುತ್ತದಲ್ಲ, ಅದು ಇದೇ. ಇಳಕಲ್ ಎಂದು ಆರಂಭಿಸಿ ರೇಷ್ಮೆಗೆ ಬರಬಹುದು, ರೇಷ್ಮೆಯಿಂದ ಹೊರಟು ಇಳಕಲ್ಲನ್ನೂ ಮುಟ್ಟಬಹುದು. ಕಪಾಟಿನಲ್ಲಿ ಒಂದು ಪುಸ್ತಕ ಒಂದೇ ಕಡೆ ಇರಬಲ್ಲದು. ಪರದೆಯ ಮೇಲೆ ಆ ಕಟ್ಟು ಇಲ್ಲ.

ಅಂತರಜಾಲ ಈ ಪಾಠವನ್ನು ನಿಧಾನವಾಗಿ ಕಲಿಯಿತು. 1994ರಲ್ಲಿ ಹುಟ್ಟಿದ ಯಾಹೂ ಮೊದಲಿಗೆ ಕೈಯಿಂದ ಮಾಡಿದ ಪಟ್ಟಿ, ಡ್ಯೂಯಿಯ ಗೂಡುಗಳಂತೆಯೇ. 1998ರಲ್ಲಿ ಗೂಗಲ್ ಬಂದ ಮೇಲೆ ಜನ ಪಟ್ಟಿ ಬಿಟ್ಟು ಪದ ಬರೆದು ಹುಡುಕತೊಡಗಿದರು. ಯಾಹೂ ತನ್ನ ಪಟ್ಟಿಯನ್ನು 2014ರಲ್ಲಿ ಮುಚ್ಚಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ನಂತರ ಹುಡುಕುವುದೂ ಬೇಡವೆನ್ನುವ ಕಾಲ ಶುರುವಾಗಿದೆ. ಪ್ರಶ್ನೆ ಕೇಳಿದರೆ ಯಂತ್ರವೇ ಉತ್ತರ ಬರೆದುಕೊಡುತ್ತದೆ. ಹಾಗಾದರೆ ಇನ್ನು ಜೋಡಿಸುವ ವಿದ್ಯೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ.

ಇದಕ್ಕೆ ಉತ್ತರವೂ ರಂಗನಾಥನ್‌ರಲ್ಲಿದೆ. ಕಪಾಟಿನ ಒಳ್ಳೆಯ ಜೋಡಣೆಯನ್ನು ಅವರು ಗ್ರಹಣದ ನೆರಳಿಗೆ ಹೋಲಿಸಿದರು. ನಡುವೆ ನಮಗೆ ಬೇಕಾದ ವಿಷಯದ ಗಾಢ ನೆರಳು, ಎರಡೂ ಬದಿಗೆ ಹತ್ತಿರದ ವಿಷಯಗಳ ಅರೆನೆರಳು, ಅದರಾಚೆ ಸಂಬಂಧವಿಲ್ಲದ್ದು. ಓದುಗನಿಗೆ ಅರೆನೆರಳು ಬಲು ಮುಖ್ಯ, ಏಕೆಂದರೆ ಕೇಳಲು ತೋಚದೇ ಇದ್ದದ್ದು ಸಿಗುವುದು ಅಲ್ಲಿಯೇ. ಉತ್ತರ ಕೊಡುವ ಯಂತ್ರ ನಡುವಿನದನ್ನಷ್ಟೇ ಎತ್ತಿ ಕೈಗಿಡುತ್ತದೆ. ಪಕ್ಕದಲ್ಲಿ ಏನಿತ್ತು, ಏನನ್ನು ಬಿಟ್ಟಿತು ಎಂಬುದು ನಮಗೆ ಕಾಣುವುದಿಲ್ಲ. ಮುಂದಿನ ಮಾಹಿತಿ ವಾಸ್ತುಶಿಲ್ಪಿಗಳ ಕೆಲಸ ಗುಂಡಿಗಳನ್ನು ಜೋಡಿಸುವುದಕ್ಕಿಂತ ಹೆಚ್ಚಾಗಿ ಈ ಅರೆನೆರಳನ್ನು ಉಳಿಸಿಕೊಡುವುದು ಎಂದು ನನಗನ್ನಿಸುತ್ತದೆ.

ಕನ್ನಡದ ಮಟ್ಟಿಗೆ ಈ ಕೆಲಸ ಇನ್ನೂ ಹಿಂದಿನ ಮೆಟ್ಟಿಲಲ್ಲಿದೆ. ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆ ಈ ಶತಮಾನದ ಮೊದಲ ದಶಕದಲ್ಲಿ ಮುನ್ನಡೆಸಿದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆ ಪ್ರತಿಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಹೆಸರುಗಳು ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ದಾಖಲಾಗಿವೆ. ಜೊತೆಗೆ ನಮ್ಮ ಲೇಖಕರ ಕಾವ್ಯನಾಮಗಳು. ಕುವೆಂಪು, ಕೆ.ವಿ. ಪುಟ್ಟಪ್ಪ ಒಬ್ಬರೇ ಎಂದು, ಶ್ರೀನಿವಾಸರೇ ಮಾಸ್ತಿ ಎಂದು, ಅಂಬಿಕಾತನಯದತ್ತರೇ ಬೇಂದ್ರೆ ಎಂದು ಯಾರಾದರೂ ಬರೆದಿಡದೆ ಯಂತ್ರಕ್ಕೆ ಹೇಗೆ ತಿಳಿಯಬೇಕು?

ಅಕಾರಾದಿಯಲ್ಲೂ ತೊಡಕಿದೆ. ನಮ್ಮ ನಿಘಂಟುಗಳಲ್ಲಿ ‘ಹವಳ’ ಮೊದಲು, ‘ಹಸಿರು’ ಆಮೇಲೆ, ‘ಹಳ್ಳಿ’ ಕೊನೆಗೆ, ಏಕೆಂದರೆ ವರ್ಣಮಾಲೆಯಲ್ಲಿ ಳಕಾರದ ಜಾಗ ಹಕಾರದ ನಂತರ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕುವಾಗ ಯೂನಿಕೋಡ್ ಸಂಕೇತದಲ್ಲಿ ‘ಳ’ ಬಂದು ‘ಲ’ದ ಪಕ್ಕ ಕೂತಿತು. ಬೇರೆ ನಿಯಮ ಕೊಡದೆ ಸಂಕೇತದ ಅಂಕಿಯಂತೆ ಜೋಡಿಸಿದರೆ ‘ಹಳ್ಳಿ’ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಇವೆಲ್ಲ ತಿದ್ದಬಹುದಾದ ತೊಡಕುಗಳು. ಕಷ್ಟದ್ದು ಮುಖಗಳನ್ನು ಗುರುತಿಸುವ ಕೆಲಸ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಗ್ರಂಥಾಲಯದಲ್ಲಿ ‘ಕಾದಂಬರಿ’ ಎಂಬ ಗೂಡಿನಲ್ಲಿರುತ್ತದೆ. ಅದರಲ್ಲಿ ಹಾರುವ ಓತಿ ಇದೆ, ಜೇನು ಸಾಕಣೆ ಇದೆ, ಜೀವವಿಕಾಸದ ಪ್ರಶ್ನೆಯಿದೆ, ಮಲೆನಾಡಿನ ಕಾಡಿದೆ. ಓತಿಯ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಶಾಲೆಯ ಹುಡುಗಿಯೊಬ್ಬಳು ಕೇಳಿದರೆ ಅವಳಿಗೆ ಈ ಪುಸ್ತಕ ಸಿಗಬೇಕಲ್ಲವೆ? ಓದಿದ ಗ್ರಂಥಪಾಲಕರಿದ್ದರೆ ಕೂಡಲೇ ಎದ್ದು ಹೋಗಿ ತಂದುಕೊಡುತ್ತಾರೆ. ಸೂಚಿಯಲ್ಲಿ ಮಾತ್ರ ಇರುವುದು ಹೆಸರು, ಲೇಖಕ, ಪ್ರಕಾಶಕ, ಪುಟಸಂಖ್ಯೆ. ಓತಿ ಎಂಬ ಮಾತೇ ಇಲ್ಲ.