ನಕ್ಕವರಿಗೂ ಪಾಲುಂಟು

ಜೈನ ಗೃಹಸ್ಥನ ದಿನಚರಿಯಲ್ಲಿ ಅಹಿಂಸೆಯ ಎಚ್ಚರ ಬೆಳಗಿನಿಂದಲೇ ಮೊದಲಾಗುತ್ತದೆ. ನೀರನ್ನು ಸೋಸಿ ಕುಡಿಯುತ್ತಾನೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಾನೆ, ಬಸದಿಯ ಅಂಗಳದಲ್ಲಿ ಇರುವೆಯ ಸಾಲು ಕಂಡರೆ ಹೆಜ್ಜೆಯನ್ನು ದಾಟಿಸಿ ಇಡುತ್ತಾನೆ. ಆದರೆ ದಿನದ ಬಹುಭಾಗವನ್ನು ಆತ ಕಳೆಯುವುದು ಕಚೇರಿಯಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಇಲ್ಲವೇ ಶಾಲೆಯಲ್ಲಿ. ಅಲ್ಲಿ ತನ್ನ ಮಾತು ಯಾರನ್ನು ತುಳಿಯುತ್ತಿದೆ ಎಂಬುದನ್ನು ಅಷ್ಟೇ ಎಚ್ಚರದಿಂದ ನೋಡಿಕೊಳ್ಳುತ್ತಾನೆಯೇ?

‘ನಾನೇನು ಹೊಡೆದೆನೇ? ಒಂದು ಮಾತು ಅಂದೆ, ಅಷ್ಟೇ’ ಎನ್ನುವವರುಂಟು. ಜೈನ ತತ್ತ್ವವು ಈ ಸಮಾಧಾನವನ್ನು ಒಪ್ಪುವುದಿಲ್ಲ. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ ಹತ್ತು ಪ್ರಾಣಗಳು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ ಎಂಬ ಮೂರು ಬಲಗಳು, ಆಯುಸ್ಸು ಮತ್ತು ಉಸಿರಾಟ. ಪ್ರಮಾದಕ್ಕೆ ವಶನಾಗಿ ಈ ಪ್ರಾಣಗಳಿಗೆ ಘಾತ ಉಂಟುಮಾಡುವುದನ್ನೇ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದು ವಿವರಿಸಿದ್ದಾರೆ. ನಾಲ್ಕು ಜನರೆದುರು ಹೀಯಾಳಿಸಿ ಒಬ್ಬ ನೌಕರನ ಮನೋಬಲವನ್ನು ಕುಗ್ಗಿಸುವುದು, ಸಭೆಯಲ್ಲಿ ಅಭಿಪ್ರಾಯ ಹೇಳಲು ಎದ್ದ ಹೆಣ್ಣುಮಗಳನ್ನು ಗದರಿಸಿ ಆಕೆಯ ವಚನಬಲವನ್ನು ಅಡಗಿಸುವುದು ಪ್ರಾಣಘಾತವಲ್ಲದೆ ಮತ್ತೇನು?

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಕೊನೆಯ ಎರಡು ಇಂದಿನ ಕಚೇರಿಗೆಂದೇ ಹೇಳಿದಂತಿವೆ. ತಾಳಲಾರದಷ್ಟು ಹೊರೆ ಹೇರುವುದು ಅತಿಭಾರಾರೋಪಣ. ಇಬ್ಬರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿ, ಮುಗಿಯದಿದ್ದಾಗ ಅಯೋಗ್ಯನೆಂದು ಜರೆಯುವ ಮೇಲಧಿಕಾರಿ ಮಾಡುವುದು ಅದನ್ನೇ. ಊಟದ ವೇಳೆಯಲ್ಲಿ ಬೇಕೆಂದೇ ಕಡತ ಕೊಟ್ಟು ಕೂರಿಸುವುದು, ದುಡಿದ ಸಂಬಳವನ್ನು ತಡೆಹಿಡಿಯುವುದು ಅನ್ನಪಾನನಿರೋಧದ ಈಗಿನ ರೂಪಗಳು. ಇನ್ನೊಬ್ಬರ ಏಕಾಂತದ ವಿಷಯವನ್ನು ಬಯಲು ಮಾಡುವ ರಹೋಭ್ಯಾಖ್ಯಾನ ಸತ್ಯಾಣುವ್ರತದ ಅತಿಚಾರ. ಸಹೋದ್ಯೋಗಿಯ ಮನೆಯ ಕಷ್ಟವನ್ನು ಚಹಾದ ಜೊತೆಗೆ ಹಂಚಿಕೊಳ್ಳುವವರು ಇದನ್ನು ನೆನೆಯಬೇಕು.

ಕನ್ನಡದಲ್ಲಿ ಅವಮಾನಿಸಲು ಬೈಗುಳವೇ ಬೇಕಿಲ್ಲ, ಏಕವಚನ ಸಾಕು. ನಿವೃತ್ತಿಯ ಅಂಚಿನಲ್ಲಿರುವ ಜವಾನರನ್ನು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ‘ಏ, ಬಾರೋ ಇಲ್ಲಿ’ ಎಂದು ಕರೆಯುವುದನ್ನು ಶಾಲೆಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಅದೇ ನಾಲಗೆ ತಪಾಸಣೆಗೆ ಬಂದ ಎಳೆಯ ಅಧಿಕಾರಿಗೆ ‘ತಾವು’ ಎನ್ನುತ್ತದೆ. ಗೌರವ ಹೋಗುತ್ತಿರುವುದು ಮನುಷ್ಯನಿಗಲ್ಲ, ಕುರ್ಚಿಗೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಜ್ಞಾನ, ಕುಲ, ಜಾತಿ, ಐಶ್ವರ್ಯಗಳ ಮದದೊಡನೆ ಜನಮನ್ನಣೆಯ ಮದವೂ ಸೇರಿದೆ. ಇವಕ್ಕೆ ಮದ್ದು ವಿನಯ. ಅದನ್ನು ಅಂತರಂಗದ ಆರು ತಪಸ್ಸುಗಳಲ್ಲಿ ಒಂದೆಂದು ಎಣಿಸಿರುವುದರಿಂದಲೇ ಅದು ಎಷ್ಟು ಕಷ್ಟಸಾಧ್ಯವೆಂಬುದು ತಿಳಿಯುತ್ತದೆ.

ಸ್ತ್ರೀಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ಸ್ವದಾರಸಂತೋಷ ವ್ರತವು ದೇಹಕ್ಕೆ ಮಾತ್ರವಲ್ಲ, ದೃಷ್ಟಿಗೂ ನಾಲಗೆಗೂ ಹಾಕಿದ ಕಟ್ಟು. ದೇಶದ ಕಾನೂನು ಕೂಡ ಈಗ ಅದನ್ನೇ ಹೇಳುತ್ತದೆ. 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದರಂತೆ ಅಸಭ್ಯ ಸ್ಪರ್ಶವಷ್ಟೇ ಅಲ್ಲ, ಅಶ್ಲೀಲಾರ್ಥದ ಮಾತೂ ಲೈಂಗಿಕ ಕಿರುಕುಳವೇ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಸ್ಥಳಗಳಲ್ಲಿ ದುಡಿಯುವವರಿಗೂ ನಮ್ಮ ಮನೆಗೆಲಸದವರಿಗೂ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು.

ಇನ್ನು, ತಪ್ಪು ಮಾಡಿದವನ ಸುತ್ತ ಇದ್ದವರ ಮಾತು. ಒಬ್ಬ ಕೀಳು ಹಾಸ್ಯ ಮಾಡಿದಾಗ ನಾಲ್ವರು ನಗುತ್ತಾರೆ. ಆ ನಗುವೇ ಅವನಿಗೆ ಮರುದಿನದ ಧೈರ್ಯ. ಹಿಂಸೆಯ ಎಣಿಕೆಯಲ್ಲಿ ನಮ್ಮ ಆಚಾರ್ಯರು ಇವರನ್ನು ಹೊರಗಿಡಲಿಲ್ಲ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯ ಎಂಬ ಮೂರು ಯೋಗಗಳು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನು ಹೇಳುವುದುಂಟು. ಅವುಗಳಲ್ಲಿ 36 ಅನುಮೋದನೆಗೆ ಸೇರಿದವು. ಕೈಯೆತ್ತದೆ, ಬಾಯಿ ತೆರೆಯದೆ, ಬರಿಯ ಮೆಚ್ಚುಗೆಯ ನಗುವಿನಿಂದಲೂ ಕರ್ಮಬಂಧವಾಗುತ್ತದೆ ಎಂದಮೇಲೆ ‘ನನಗೇಕೆ ಊರ ಉಸಾಬರಿ’ ಎಂಬ ನೆಪಕ್ಕೆ ಎಡೆಯೆಲ್ಲಿ?

‘ಸಹಿಸಿಕೋ, ಕ್ಷಮಿಸಿಬಿಡು, ಕ್ಷಮೆಯೇ ಧರ್ಮ’ ಎಂದು ನೊಂದವರಿಗೆ ಉಪದೇಶಿಸುವವರೂ ಇದ್ದಾರೆ. ಕ್ಷಮೆ ಎಂದರೆ ಕ್ರೋಧವನ್ನು ಬಿಡುವುದು, ಅನ್ಯಾಯವನ್ನು ಮುಚ್ಚಿಡುವುದಲ್ಲ. ದ್ವೇಷವಿಲ್ಲದೆ, ನಡೆದದ್ದನ್ನು ನಡೆದಂತೆ ಹೇಳಿ ದೂರು ಕೊಡುವುದು ಕ್ಷಮೆಗೆ ವಿರೋಧವೂ ಅಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಜೊತೆಗೇ ಸ್ಥಿತಿಕರಣವೂ ಇದೆ. ಜಾರುತ್ತಿರುವವನ ಹೆಸರನ್ನು ಬೀದಿಗೆ ಎಳೆಯದಿರುವುದು ಸರಿ, ಆದರೆ ಅವನನ್ನು ತಡೆದು ನಿಲ್ಲಿಸುವುದೂ ಕರ್ತವ್ಯ. ಗೆಳೆಯನಾದರೆ ಪಕ್ಕಕ್ಕೆ ಕರೆದು ‘ಈ ಮಾತು ಬೇಡ’ ಎನ್ನೋಣ. ಕೇಳದಿದ್ದರೆ ನೊಂದವರ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲೋಣ.

ಸಂಜೆಯ ಪ್ರತಿಕ್ರಮಣದಲ್ಲಿ ಅರಿಯದೆ ತುಳಿದ ಸೂಕ್ಷ್ಮ ಜೀವಿಗಳನ್ನು ನೆನೆಯುತ್ತೇವೆ. ಅಂದು ಕೆಲಸದ ಸ್ಥಳದಲ್ಲಿ ಆಡಿದ ಮಾತನ್ನೂ, ಆಡಬೇಕಾಗಿದ್ದು ಆಡದೆ ಉಳಿದ ಮಾತನ್ನೂ ನೆನೆಯೋಣ. ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಬಂಧುಮಿತ್ರರೆಲ್ಲರ ಕ್ಷಮೆ ಕೇಳುತ್ತೇವೆ; ದೂರದ ಊರಿನವರಿಗೂ ಸಂದೇಶ ಕಳುಹಿಸುತ್ತೇವೆ. ಈ ವರ್ಷ ಆ ಪಟ್ಟಿಯಲ್ಲಿ ದಿನವೂ ನಮ್ಮ ಮೇಜಿಗೆ ನೀರು ತಂದಿಡುವವರ ಹೆಸರೂ ಇರಲಿ. ಅದನ್ನು ಬಹುವಚನದಲ್ಲಿಯೇ ಕೇಳೋಣ.