ಬಾಯೊಳಗಿನ ನೋವಿನ ಗುಳ್ಳೆಗಳು

ಮೂಡಲಪಾಳ್ಯದ ಯಾವ ಮನೆಯಲ್ಲಾದರೂ ಮಗಳು ಊಟದ ತಟ್ಟೆಯನ್ನು ಹಿಂದಕ್ಕೆ ಸರಿಸಿ, "ಅಮ್ಮ, ಬಾಯಿ ಉರಿಯುತ್ತದೆ" ಎಂದರೆ, ಹಿರಿಯರು ಕೂಡಲೆ "ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎಂದುಬಿಡುವುದುಂಟು. ಆ ಮಾತಿನಲ್ಲಿ ವಾತ್ಸಲ್ಯವಿದೆ. ಆದರೆ ಬಾಯಿಯ ಗುಳ್ಳೆಗಳಿಗೆಲ್ಲ ಕಾರಣವು ಒಂದೇ ಅಲ್ಲ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಇವುಗಳ ಭೇದವನ್ನು ಅರಿತಿರುವುದು ಒಳ್ಳೆಯದು.

ಮೊದಲನೆಯದು, ಗಾಯದಿಂದಾದದ್ದು. ಅವಸರದ ಊಟದಲ್ಲಿ ಕೆನ್ನೆಯನ್ನು ಕಚ್ಚಿಕೊಳ್ಳುವುದು, ಮುರಿದ ಹಲ್ಲಿನ ಚೂಪು, ಹಲ್ಲನ್ನು ನೇರಮಾಡುವ ತಂತಿ, ಅತಿ ಬಿಸಿಯಾದ ಕಾಫಿ, ಇವುಗಳಿಂದ ಒಳಚರ್ಮವು ಸುಲಿದು ನೋಯುವುದು. ಕಾರಣವನ್ನು ನಿವಾರಿಸಿದರೆ ಗಾಯವು ತಾನಾಗಿ ಮಾಯುವುದು.

ಎರಡನೆಯದು, ಸಾಮಾನ್ಯವಾದ ಬಾಯಿಹುಣ್ಣು. ಇದರ ನಡುವೆ ಬಿಳುಪು, ಅಂಚಿನಲ್ಲಿ ಕೆಂಪು. ಇದು ಅಂಟುರೋಗವಲ್ಲ, ಬಹುಮಟ್ಟಿಗೆ 7ರಿಂದ 14 ದಿನಗಳಲ್ಲಿ ವಾಸಿಯಾಗುವುದು. ನಿದ್ರೆಗೇಡೂ ಪರೀಕ್ಷೆಯ ಚಿಂತೆಯೂ ಇದನ್ನು ಕೆರಳಿಸಬಲ್ಲವು. ಪದೇಪದೇ ಬರುತ್ತಿದ್ದರೆ ಕಬ್ಬಿಣ, ಫೋಲಿಕ್ ಆಮ್ಲ ಅಥವಾ ಬಿ12 ಜೀವಸತ್ವದ ಕೊರತೆಯಿದೆಯೇ ಎಂದು ರಕ್ತಪರೀಕ್ಷೆ ಮಾಡಿಸತಕ್ಕದ್ದು. ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವುದೇ ಹೊರತು ಸೊಪ್ಪುಗಳಲ್ಲಿ ದೊರೆಯದು.

ಮೂರನೆಯದು, ವೈರಸ್ಸಿನಿಂದ ಬರುವ ಗುಳ್ಳೆಗಳು. ಮಗುವಿಗೆ ಜ್ವರವಿದ್ದು ಅಂಗೈ, ಅಂಗಾಲುಗಳಲ್ಲಿಯೂ ಗುಳ್ಳೆಗಳೆದ್ದರೆ ಅದು ಅಂಟುರೋಗವಾಗಿರಬಹುದು. ಅಂಥ ಮಗುವನ್ನು ಶಾಲೆಗೆ ಕಳುಹಿಸಲಾಗದು. ನೀರನ್ನೂ ಕುಡಿಯದಿದ್ದರೆ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ನಾಲ್ಕನೆಯದು, ಹುಳುಕುಹಲ್ಲಿನ ಬಳಿ ವಸಡಿನಲ್ಲಿ ಏಳುವ ಕೀವುಗುಳ್ಳೆ. ಲವಂಗದ ಎಣ್ಣೆಯಿಂದ ನೋವು ಅಡಗೀತು, ಕೀವು ಹೋಗದು. ಮುಖ ಊದಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಇಷ್ಟಾದರೂ ನೋವೇ ಅಪಾಯದ ಅಳತೆಯಲ್ಲವೆಂಬುದನ್ನು ಮರೆಯಬಾರದು. ಬಾಯಿಯ ಕ್ಯಾನ್ಸರು ಮೊದಮೊದಲು ಅನೇಕರಿಗೆ ನೋವನ್ನೇ ಕೊಡದು. ನಮ್ಮ ರಾಜ್ಯವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಅಜ್ಜಿಯ ಎಲೆಅಡಿಕೆಯ ತಟ್ಟೆ ಮನೆಯಲ್ಲಿಯೇ ಉಳಿದಿದೆ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ತನ್ನ ಗ್ರಂಥದಲ್ಲಿ ಸಾರಿದೆ. ಆದುದರಿಂದ ಎರಡು ವಾರ ಮೀರಿಯೂ ಮಾಯದ ಹುಣ್ಣು, ಗಂಟು, ಬಿಳಿಯ ಅಥವಾ ಕೆಂಪು ಮಚ್ಚೆ ಯಾರ ಬಾಯಲ್ಲಿದ್ದರೂ ದಂತವೈದ್ಯರಿಗೆ ತೋರಿಸಬೇಕು. ನಮ್ಮ ನಗರದಲ್ಲಿಯೇ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ಕಾಲೇಜೂ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಇವೆ.

ಚಿಕ್ಕಪುಟ್ಟ ಹುಣ್ಣಿಗೆ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದೂ, ಖಾರ ಹುಳಿಗಳನ್ನು ಕೆಲವು ದಿನ ಬಿಡುವುದೂ ಸಾಕು. ಮಗಳ ಬಾಯನ್ನು ಪರೀಕ್ಷಿಸುವ ತಾಯಿಯು, ನೋವೆಂದು ಹೇಳದ ಅಜ್ಜಿಯ ಬಾಯನ್ನೂ ಅದೇ ಬೆಳಕಿನಲ್ಲಿ ಒಮ್ಮೆ ನೋಡಲಿ.