ಬಾಟಲಿ ಕಾಣಬಾರದು, ಹೆಸರು ಕಾಣಬಹುದು

ಐಪಿಎಲ್ ನಡೀತಾ ಇದ್ದ ದಿನಗಳು. ಕೊಂಡಾಪುರದ ನಮ್ಮ ಮನೇಲಿ ಆರ್‌ಸಿಬಿ ಮ್ಯಾಚ್ ಹಾಕ್ಕೊಂಡು ಕೂತಿದ್ವಿ. ಏಳನೇ ಕ್ಲಾಸಿನ ಮಗ ಕೇಳಿದ: "ಅಪ್ಪಾ, ಟಿವೀಲಿ ಇಷ್ಟು ಸಲ ಬರೋ ಈ ಸೋಡಾ ಅಂಗಡೀಲಿ ಯಾಕೆ ಸಿಗಲ್ಲ?" ಮರುದಿನ ಮೂರು ಕಡೆ ವಿಚಾರಿಸಿದೆ. ಸಿಗಲಿಲ್ಲ. ಮೂಲೆಯ 'ವೈನ್ಸ್'ನಲ್ಲಿ ಮಾತ್ರ ಅದೇ ಹೆಸರಿನ ವಿಸ್ಕಿ ಸಾಲಾಗಿ ನಿಂತಿತ್ತು.

ಮದ್ಯದ ಜಾಹೀರಾತು ನಿಷೇಧ ಅಲ್ವಾ ಅಂತೀರಿ. ಹೌದು. 1994ರ ಕೇಬಲ್ ಟಿವಿ ನಿಯಮಗಳ 7ನೇ ನಿಯಮದ ಪ್ರಕಾರ ನೇರವಾಗಿಯಾಗಲಿ, ಸುತ್ತಿಬಳಸಿಯಾಗಲಿ ಮದ್ಯದ ಪ್ರಚಾರ ಮಾಡುವಂತಿಲ್ಲ. ಆದರೆ 2009ರಲ್ಲಿ ಒಂದು ಕಿಟಕಿ ತೆರೆಯಿತು. ಅದೇ ಹೆಸರಿನ ಸೋಡಾ, ನೀರು, ಮ್ಯೂಸಿಕ್ ಸಿಡಿ ಇದ್ದರೆ, ಮದ್ಯದ ಚಿತ್ರ ಸೂಚನೆ ಏನೂ ಇಲ್ಲದಿದ್ದರೆ, ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದು ತೋರಿಸಬಹುದು. 2022ರ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿ 'ಸರೋಗೇಟ್ ಜಾಹೀರಾತು' ಅಂತ ಹೆಸರಿಟ್ಟೇ ನಿಷೇಧಿಸಿತು. ಅದರಲ್ಲೂ ಒಂದು ವಾಕ್ಯ ಸೇರಿಸಿದರು: ಬ್ರ್ಯಾಂಡ್ ಹೆಸರು ಬಳಸಿದ ಮಾತ್ರಕ್ಕೆ ಸರೋಗೇಟ್ ಆಗುವುದಿಲ್ಲ.

ಹಾಗಾದ್ರೆ ಸೋಡಾ ನಿಜವಾದ ಸೋಡಾನೋ, ಹೆಸರಿಗಷ್ಟೇ ಸೋಡಾನೋ ಅನ್ನೋದಕ್ಕೆ ಅಳತೆ ಯಾರದು? ಆಸ್ಕಿ ಅನ್ನೋ ಸಂಸ್ಥೆಯದು, ಅಂದ್ರೆ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್. 1985ರಲ್ಲಿ ಶುರುವಾಯ್ತು. ಇದು ಸರ್ಕಾರದ್ದಲ್ಲ. ಜಾಹೀರಾತು ಕೊಡುವವರು, ಮಾಡುವವರು, ಪ್ರಸಾರ ಮಾಡುವವರು ಸೇರಿ ಕಟ್ಟಿ ನಡೆಸುವಂಥದ್ದು. ಎರಡು ವರ್ಷಕ್ಕಿಂತ ಹಳೆಯ ಉತ್ಪನ್ನ ದೇಶದಲ್ಲಿ ವರ್ಷಕ್ಕೆ 5 ಕೋಟಿ, ಇಲ್ಲವೇ ಮಾರುವ ಒಂದೊಂದು ರಾಜ್ಯದಲ್ಲೂ 1 ಕೋಟಿ ರೂಪಾಯಿ ವಹಿವಾಟು ತೋರಿಸಬೇಕು ಅನ್ನೋದು ಅವರ ಗೆರೆ. ದೊಡ್ಡ ಮದ್ಯ ಕಂಪನಿಗೆ 5 ಕೋಟಿ ಯಾವ ಲೆಕ್ಕ ಹೇಳಿ! ಆಸ್ಕಿ ಕೆಲಸ ಮಾಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ದೂರು ನೋಡುವ ಅವರ ಸಮಿತಿಯಲ್ಲಿ ಹೊರಗಿನವರೂ ಇದ್ದಾರೆ. ಆದರೆ ತಾನೇ ಆಡೋ ಆಟಕ್ಕೆ ಬೌಂಡರಿ ಹಗ್ಗ ಎಳೆಯುವವನು ತನಗೆ ತೊಂದರೆ ಆಗುವಷ್ಟು ದೂರಕ್ಕೆ ಎಳೆಯಲ್ಲ.

ನಮ್ಮ ಆರ್‌ಸಿಬಿಯನ್ನೇ ನೋಡಿ. ವಿಜಯ್ ಮಲ್ಯ 2008ರಲ್ಲಿ 11.16 ಕೋಟಿ ಡಾಲರ್‌ಗೆ ಕೊಂಡು, ತಮ್ಮ ವಿಸ್ಕಿಯ ನೆನಪು ಬರೋ ಹೆಸರಿಟ್ಟರು. ಆ ವರ್ಷವೇ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತಂಡದ ಹೆಸರು ಚಾಲೆಂಜರ್ಸ್, ಚಾಲೆಂಜ್ ಅಲ್ಲ. ಕುಡಿಯದವರ ಮೇಲೆ ಇದರ ಪರಿಣಾಮ ಆಗುವುದಿಲ್ಲ ಅನ್ನೋ ಅರ್ಥದಲ್ಲಿ ಕೋರ್ಟು ಅರ್ಜಿಯನ್ನ ಬದಿಗಿಟ್ಟಿತು. ನಾನೂ ಕೆಂಪು ಜೆರ್ಸಿ ಹಾಕ್ಕೊಂಡೇ ಇದನ್ನ ಹೇಳ್ತಿದ್ದೀನಿ, ನಗಬೇಡಿ.

ಸರಿ, ಉದ್ಯಮ ಬಿಡಿ, ಸರ್ಕಾರ ಕಾಯಬಹುದಲ್ಲ? ಇಲ್ಲೇ ತೊಡಕು. ತೆಲಂಗಾಣದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ಸರ್ಕಾರಿ ನಿಗಮದ ಕೈಯಲ್ಲಿ. 2023ರಲ್ಲಿ 2,620 ಅಂಗಡಿಗಳಿಗೆ ಲಾಟರಿ ಎತ್ತಿದಾಗ 1,31,954 ಅರ್ಜಿ ಬಂದವು. ಒಂದೊಂದಕ್ಕೂ 2 ಲಕ್ಷ, ವಾಪಸ್ ಇಲ್ಲ. ಒಂದು ಬಾಟಲಿ ಮಾರುವ ಮೊದಲೇ 2,639 ಕೋಟಿ ಖಜಾನೆಗೆ! ನಮ್ಮೂರು ಬೇರೆ ಅಂದ್ಕೋಬೇಡಿ: 'ಲೇಖಕ್' ನೋಟ್‌ಬುಕ್ ಮಾರುವ ಎಂಎಸ್‌ಐಎಲ್ಲೇ ಕರ್ನಾಟಕದಲ್ಲಿ ಮದ್ಯದಂಗಡಿಯನ್ನೂ ನಡೆಸುತ್ತೆ.

2024ರ ನವೆಂಬರ್ 15ರಂದು ಇಲ್ಲಿ ದಿಲ್ಜಿತ್ ದೋಸಾಂಜ್ ಕಾರ್ಯಕ್ರಮ ಇತ್ತಲ್ಲ, ನಿಮ್ಮಲ್ಲಿ ಕೆಲವರು ಹೋಗಿದ್ದೀರಿ. ಮದ್ಯವನ್ನು ಹೊಗಳುವ ಹಾಡು ಹಾಡಬಾರದು ಅಂತ ಮೊದಲೇ ಸರ್ಕಾರಿ ನೋಟಿಸ್ ಹೋಗಿತ್ತು. ದೂರು ಕೊಟ್ಟವರು ಚಂಡೀಗಢದಲ್ಲಿ ಪಾಠ ಮಾಡುವ ಪಂಡಿತರಾವ್ ಧರೆಣ್ಣವರ್, ನಮ್ಮ ವಿಜಯಪುರ ಕಡೆಯವರು. ದಿಲ್ಜಿತ್ ಪದ ಬದಲಿಸಿ ಹಾಡಿದರು. ಎರಡು ದಿನ ಬಿಟ್ಟು ಅಹಮದಾಬಾದಿನಲ್ಲಿ, ಎಲ್ಲ ರಾಜ್ಯಗಳೂ ಪಾನನಿಷೇಧ ಮಾಡಲಿ, ನಾನೂ ಇಂಥ ಹಾಡು ನಿಲ್ಲಿಸ್ತೀನಿ ಅಂದರು. ಧರೆಣ್ಣವರ್ ಅವರ ಕಾಳಜಿ ಸುಳ್ಳಲ್ಲ. ಆದರೆ ನೋಟಿಸ್ ಕಳಿಸಿದ್ದು ಸಗಟು ವ್ಯಾಪಾರಿ ಸರ್ಕಾರವೇ ಆಗಿದ್ದರಿಂದ ದಿಲ್ಜಿತ್ ಮಾತಿಗೆ ಉತ್ತರ ಇರಲಿಲ್ಲ.

ನನ್ನ ಮಟ್ಟಿಗೆ, ಆ 2,639 ಕೋಟಿಯಲ್ಲಿ ಒಂದು ಪಾಲು ಸರ್ಕಾರಕ್ಕೂ ಕಂಪನಿಗೂ ಸೇರದ ಒಂದು ಕಾವಲು ಸಂಸ್ಥೆಗೆ ಹೋಗಬೇಕು. ಅದರ ಮೊದಲ ಕೆಲಸ ಸುಲಭ: ಟಿವೀಲಿ ಬರೋ ಸೋಡಾ ಎಷ್ಟು ಅಂಗಡೀಲಿ ಸಿಗುತ್ತೆ ಅಂತ ಹೋಗಿ ಕೇಳೋದು. ಅಲ್ಲೀತನಕ ದೂರು ಹೇಳೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮಗನ ಸೋಡಾ ಇನ್ನೂ ಸಿಕ್ಕಿಲ್ಲ.